ಕರುಣೆಯ ಬಾಗಿಲು: ಯೋನನ ಕಥೆಯೂ ಒಂದು ಮೈಸೂರು ಸೆರೆಯೂ

ಕೋಪರಖೈರಣೆ, ಘಣಸೋಲಿ, ವಾಶಿಗಳಲ್ಲಿ ನೆಲಸಿ ಮುಂಬಯಿಯ ಕೋಟೆ ಪ್ರದೇಶಕ್ಕೆ ಉದ್ಯೋಗಾರ್ಥವಾಗಿ ಹೋಗಿಬರುವ ಕನ್ನಡಿಗರಿಗೆ ‘ಮಸ್ಜಿದ್’ ಎಂಬ ರೈಲು ನಿಲ್ದಾಣ ಚಿರಪರಿಚಿತವಾದುದು. ಗಾಡಿ ಕೊನೆಯ ನಿಲ್ದಾಣವನ್ನು ಮುಟ್ಟುವುದಕ್ಕೆ ಒಂದು ನಿಲುಗಡೆ ಮೊದಲು ಅದು ಬರುತ್ತದೆ. ಆ ಹೆಸರು ಮುಸಲ್ಮಾನರ ಮಸೀದಿಯೊಂದರಿಂದ ಬಂದಿರಬೇಕೆಂದು ಕೇಳಿದವರು ಭಾವಿಸುವುದು ಸಹಜ. ಆದರೆ ರೂಢಿಯಲ್ಲಿರುವ ವಿವರಣೆಯಂತೆ ಅದಕ್ಕೆ ಮೂಲವಾದುದು ಯೆಹೂದ್ಯರ ಒಂದು ಪ್ರಾರ್ಥನಾಮಂದಿರ. ಮಾಂಡವಿಯ ಸ್ಯಾಮ್ಯುಯಲ್ ಬೀದಿಯಲ್ಲಿರುವ ಈ ಮಂದಿರವನ್ನು ಸುತ್ತಲಿನ ಜನರು ‘ಜೂನಿ ಮಸ್ಜಿದ್’, ಎಂದರೆ ಹಳೆಯ ಮಸೀದಿ, ಎಂದು ಕರೆಯುತ್ತ ಬಂದರು. ಹೀಬ್ರೂ ಭಾಷೆಯಲ್ಲಿ ಅದರ ಹೆಸರು ‘ಶಾರ್ ಹಾರಹಮೀಮ್’. ಕನ್ನಡದಲ್ಲಿ ಹೇಳುವುದಾದರೆ ಕರುಣೆಯ ಬಾಗಿಲು.

ಈ ಮಂದಿರ ಸ್ಥಾಪಿತವಾದುದು 1796ರಲ್ಲಿ. ಅದನ್ನು ಸ್ಥಾಪಿಸಿದಾತನು ಮೈಸೂರಿನ ಸೆರೆಯಿಂದ ಜೀವಸಹಿತ ಹಿಂದಿರುಗಿದ ಒಬ್ಬ ಸೇನಾಧಿಕಾರಿ. ಯೆಹೂದ್ಯರ ಮಂದಿರಗಳಲ್ಲಿ ವರ್ಷಕ್ಕೊಮ್ಮೆ, ಪ್ರಾಯಶ್ಚಿತ್ತದ ಉಪವಾಸದ ದಿನ ಅಪರಾಹ್ನದಲ್ಲಿ, ಓದಲ್ಪಡುವ ಪುಟ್ಟ ಗ್ರಂಥವೊಂದಿದೆ; ಅದು ಯೋನನೆಂಬ ಪ್ರವಾದಿಯ ಕಥೆ. ಶತ್ರುವಿಗೂ ದೇವರು ತೋರಿಸಿದ ಕರುಣೆ, ಅದನ್ನು ಕಂಡು ಸಹಿಸಲಾರದೆಹೋದ ಮನುಷ್ಯನ ಮನಸ್ಸು, ಇವು ಆ ಕಥೆಯ ವಸ್ತು. ಕನ್ನಡ ನಾಡಿನಲ್ಲಿ ದೊರೆತ ಒಂದು ಪ್ರಾಣದಾನದ ನೆನಪನ್ನು ಹೊತ್ತ ಬಾಗಿಲಿನೊಳಗೆ ಈ ಕಥೆ ಓದಲ್ಪಡುತ್ತ ಬಂದಿರುವುದು ವಿಚಾರಾರ್ಹವಾದ ಸಂಗತಿ.

1

ಯೋನನ ಗ್ರಂಥದಲ್ಲಿರುವುದು ನಾಲ್ಕೇ ಅಧ್ಯಾಯಗಳು, 48 ವಾಕ್ಯಗಳು. ಲೋಕದಲ್ಲಿ ಅದು ಮೀನಿನ ಕಥೆಯೆಂದೇ ಪ್ರಸಿದ್ಧವಾಗಿದೆ. ಆದರೆ ಮೀನಿನ ಪ್ರಸ್ತಾಪ ಬರುವುದು ಮೂರು ವಾಕ್ಯಗಳಲ್ಲಿ ಮಾತ್ರ. ಉಳಿದುದೆಲ್ಲವೂ ಒಬ್ಬ ಮನುಷ್ಯನ ಒಲ್ಲದಿಕೆಯ ವೃತ್ತಾಂತ.

ಅಮಿತ್ತಾಯನ ಮಗನಾದ ಯೋನನಿಗೆ, ನಿನೆವೆ ಮಹಾನಗರಕ್ಕೆ ಹೋಗಿ ಅದರ ದುಷ್ಟತನವನ್ನು ಸಾರಬೇಕೆಂದು ದೇವರ ಅಪ್ಪಣೆಯಾಗುತ್ತದೆ. ನಿನೆವೆ ಇದ್ದುದು ಪೂರ್ವದಲ್ಲಿ. ಆತನಾದರೋ ಯೊಪ್ಪದ ಬಂದರಿಗಿಳಿದು, ಪಡುವಣ ದಿಕ್ಕಿನ ತಾರ್ಷೀಷಿಗೆ ಹೊರಟ ಹಡಗನ್ನು ಹತ್ತುತ್ತಾನೆ. ಬಿರುಗಾಳಿ ಏಳುತ್ತದೆ. ಅನ್ಯಧರ್ಮೀಯರಾದ ನಾವಿಕರು ತಮ್ಮ ತಮ್ಮ ದೇವರುಗಳನ್ನು ಕೂಗಿಕೊಳ್ಳುತ್ತಿರುವಾಗ ಪ್ರವಾದಿ ಹಡಗಿನ ಕೆಳಗಣ ಭಾಗದಲ್ಲಿ ಗಾಢನಿದ್ರೆಯಲ್ಲಿದ್ದಾನೆ. ತನ್ನನ್ನು ಸಮುದ್ರಕ್ಕೆ ಎಸೆದರೆ ಗಾಳಿ ತಣಿಯುವುದೆಂದು ಆತನೇ ಹೇಳಿದ ಮೇಲೆಯೂ ಆ ನಾವಿಕರು ಕೂಡಲೆ ಹಾಗೆ ಮಾಡಲಿಲ್ಲ. ಒಬ್ಬ ಅಪರಿಚಿತನ ಪ್ರಾಣವನ್ನುಳಿಸಲೆಂದು ದಡದತ್ತ ಹುಟ್ಟುಹಾಕಿ ಬಸವಳಿದರು. ಬೇರೆ ಉಪಾಯ ಕಾಣದಾದಾಗ ಕ್ಷಮೆ ಬೇಡಿಕೊಂಡು ಅವನನ್ನು ಎಸೆದರು. ಕಥೆಯಲ್ಲಿ ಮೊದಲು ದಯೆ ತೋರಿದವರು ಈ ಅನ್ಯರು ಎಂಬುದನ್ನು ಲಕ್ಷಿಸಬೇಕು.

ಮೂರು ದಿನ, ಮೂರು ರಾತ್ರಿ ಮೀನಿನ ಹೊಟ್ಟೆಯಲ್ಲಿದ್ದು ಹೊರಬಿದ್ದ ಯೋನನು ಎರಡನೆಯ ಅಪ್ಪಣೆಯಂತೆ ನಿನೆವೆಗೆ ಹೋಗುತ್ತಾನೆ. ಅಲ್ಲಿ ಆತನು ಸಾರಿದುದು ಮೂಲದಲ್ಲಿ ಐದೇ ಪದಗಳು: ನಲವತ್ತು ದಿನಗಳಲ್ಲಿ ಪಟ್ಟಣ ತಲೆಕೆಳಗಾಗುವುದೆಂದು ಅವುಗಳ ಅರ್ಥ. ‘ತಲೆಕೆಳಗಾಗು’ ಎಂಬುದಕ್ಕೆ ಅಲ್ಲಿರುವ ಹೀಬ್ರೂ ಕ್ರಿಯಾಪದಕ್ಕೆ ನಾಶವಾಗು ಎಂಬರ್ಥವೂ ಉಂಟು, ಮಾರ್ಪಡು ಎಂಬರ್ಥವೂ ಉಂಟು. ಪ್ರವಾದಿ ಮೊದಲನೆಯದನ್ನು ನಿರೀಕ್ಷಿಸಿದನು, ಆದುದು ಎರಡನೆಯದು. ಅರಸನು ಸಿಂಹಾಸನದಿಂದಿಳಿದು ಗೋಣಿತಟ್ಟನ್ನು ಉಟ್ಟು ಬೂದಿಯಲ್ಲಿ ಕುಳಿತನು. ದನಕರುಗಳಿಗೂ ಉಪವಾಸ ವಿಧಿಸಲಾಯಿತು. ದೇವರು ಮನಸ್ಸನ್ನು ಬದಲಿಸಿ ಪಟ್ಟಣವನ್ನು ಉಳಿಸಿದನು.

ಒಬ್ಬ ಪ್ರವಾದಿಯ ಮಾತು ಇಷ್ಟು ಸಂಪೂರ್ಣವಾಗಿ ಫಲಿಸಿದ ನಿದರ್ಶನ ಹೀಬ್ರೂ ಗ್ರಂಥಗಳಲ್ಲಿ ಮತ್ತೊಂದಿಲ್ಲ. ಯೋನನಿಗಾದರೋ ಉಂಟಾದುದು ಸಂತೋಷವಲ್ಲ, ಕಡುಕೋಪ. ತಾನು ಮೊದಲು ಓಡಿಹೋದುದೇಕೆಂಬುದನ್ನು ಆತನು ಈಗ ಬಾಯಿಬಿಟ್ಟು ಹೇಳುತ್ತಾನೆ: ದೇವರು ದಯಾಳು, ದೀರ್ಘಶಾಂತನು ಎಂಬುದು ತನಗೆ ಮೊದಲೇ ಗೊತ್ತಿದ್ದಿತು, ಇವರನ್ನೂ ಕ್ಷಮಿಸಿಬಿಡುವನೆಂಬ ಅಂಜಿಕೆಯಿಂದಲೇ ತಾನು ಓಡಿದೆನು. ಮೋಶೆಯ ಕಾಲದಿಂದ ಇಸ್ರಾಯೇಲರು ದೇವರ ಸ್ತುತಿಗಾಗಿ ಬಳಸುತ್ತಿದ್ದ ವಿಶೇಷಣಗಳನ್ನೇ ಆತನು ಇಲ್ಲಿ ದೂರಾಗಿ ಎತ್ತಿ ಆಡುತ್ತಾನೆ. ತನ್ನ ಜನರ ಮೇಲೆ ಸುರಿದಾಗ ಸ್ತೋತ್ರಕ್ಕೆ ಯೋಗ್ಯವಾದ ಗುಣ, ನಿನೆವೆಯ ಮೇಲೆ ಸುರಿದಾಗ ಅನ್ಯಾಯವಾಗಿ ಕಂಡಿತು.

ಅನಂತರ ಊರ ಹೊರಗೆ ಕುಳಿತ ಆತನಿಗೆ ನೆರಳಾಗಿ ಒಂದೇ ರಾತ್ರಿಯಲ್ಲಿ ಗಿಡವೊಂದು ಬೆಳೆಯುತ್ತದೆ. ಮರುದಿನ ಹುಳು ಹೊಡೆದು ಒಣಗುತ್ತದೆ. ಹೀಬ್ರೂವಿನ ‘ಕಿಕಾಯೋನ್’ ಎಂಬ ಈ ಗಿಡವನ್ನು ಅನೇಕ ವಿದ್ವಾಂಸರು ನಮ್ಮ ಉತ್ತರ ಕರ್ನಾಟಕದ ಹೊಲಗಳ ಅಂಚಿನಲ್ಲಿ ಬೆಳೆಯುವ ಔಡಲವೆಂದು ಗುರುತಿಸುತ್ತಾರೆ. ಗ್ರೀಕ್ ಅನುವಾದಕರು ಸೋರೆಬಳ್ಳಿ ಎಂದರು. ಐದನೆಯ ಶತಮಾನದ ಆದಿಯಲ್ಲಿ ಜೆರೋಮನ ಹೊಸ ಲ್ಯಾಟಿನ್ ಅನುವಾದದಲ್ಲಿ ಅದು ಬೇರೊಂದು ಬಳ್ಳಿಯಾದುದನ್ನು ಕೇಳಿ ಉತ್ತರ ಆಫ್ರಿಕದ ಒಂದು ಊರಿನ ಭಕ್ತರು ಗದ್ದಲವೆಬ್ಬಿಸಿದರೆಂದು ಅಗಸ್ಟೀನನು ಪತ್ರದಲ್ಲಿ ಬರೆದಿದ್ದಾನೆ. ಗಿಡದ ಹೆಸರಿಗಾಗಿ ಜಗಳವಾಡಿದವರು ಗಿಡದ ಮೂಲಕ ಕೇಳಲಾದ ಪ್ರಶ್ನೆಯನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೋ ತಿಳಿಯದು. ಆ ಪ್ರಶ್ನೆ ಇದು: ತಾನು ನೆಡದ, ನೀರೆರೆಯದ ಗಿಡಕ್ಕಾಗಿ ಮರುಗುವವನು, ಎಡಗೈ ಬಲಗೈಗಳ ಭೇದವನ್ನರಿಯದ ಒಂದು ಲಕ್ಷದ ಇಪ್ಪತ್ತು ಸಾವಿರ ಜನರೂ ಬಹಳ ದನಗಳೂ ಇರುವ ಪಟ್ಟಣಕ್ಕಾಗಿ ದೇವರು ಮರುಗಬಾರದೆನ್ನುವನೆ? ಗ್ರಂಥ ಇಲ್ಲಿಗೆ ಮುಗಿಯುತ್ತದೆ. ಯೋನನ ಉತ್ತರವಿಲ್ಲ.

2

ಯೋನನನ್ನು ಸಂಕುಚಿತ ಮನಸ್ಸಿನವನೆಂದು ಹಳಿದುಬಿಡುವುದು ಸುಲಭ. ಚರಿತ್ರೆಯನ್ನು ನೋಡಿದರೆ ಆತನ ಕೋಪಕ್ಕೆ ಕಾರಣವಿದ್ದಿತೆಂದು ತಿಳಿಯುವುದು. ಅರಸುಗಳ ವೃತ್ತಾಂತಗಳಲ್ಲಿ ಈ ಹೆಸರಿನ ಪ್ರವಾದಿ ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಆಳಿದ ಎರಡನೆಯ ಯಾರೊಬ್ಬಾಮನ ಕಾಲದವನು. ಅದೇ ಶತಮಾನದಲ್ಲಿ, ಕ್ರಿ.ಪೂ. 722ರ ಸುಮಾರಿಗೆ, ಅಸ್ಸೀರಿಯದ ಸೇನೆಗಳು ಉತ್ತರದ ಇಸ್ರಾಯೇಲ್ ರಾಜ್ಯವನ್ನು ಅಳಿಸಿ ಅಲ್ಲಿನ ಜನರನ್ನು ದೇಶಾಂತರಕ್ಕೆ ಒಯ್ದವು. ಆ ಸಾಮ್ರಾಜ್ಯಕ್ಕೆ ಮುಂದೆ ರಾಜಧಾನಿಯಾದುದು ನಿನೆವೆ. ಕ್ರಿ.ಪೂ. 612ರಲ್ಲಿ ಬಾಬಿಲೋನಿಯರೂ ಮೇದ್ಯರೂ ಕೂಡಿ ಅದನ್ನು ನೆಲಸಮ ಮಾಡಿದರು. ಗ್ರಂಥ ಈಗಿನ ರೂಪವನ್ನು ತಳೆದುದು ಇದಕ್ಕೂ ಒಂದೆರಡು ಶತಮಾನಗಳ ಮೇಲೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಆದುದರಿಂದ ಮೊದಲ ಓದುಗರಿಗೆ ನಿನೆವೆ ಕೇವಲ ಒಂದು ಪಾಪಿ ಪಟ್ಟಣವಾಗಿರಲಿಲ್ಲ. ತಮ್ಮ ಪೂರ್ವಿಕರ ಮನೆಗಳನ್ನು ಸುಟ್ಟ ಊರಾಗಿದ್ದಿತು. ಅಂಥ ಊರಿಗೆ ಕ್ಷಮೆ ದೊರೆಯಿತೆಂದು ಹೇಳುವ ಕಥೆಯನ್ನು ಆ ಜನರು ಸುಡದೆ, ಮರೆಯದೆ, ತಮ್ಮ ಪವಿತ್ರ ಗ್ರಂಥಗಳಲ್ಲಿ ಸೇರಿಸಿಕೊಂಡರು. ಅಷ್ಟೇ ಅಲ್ಲ, ತಮ್ಮ ಪಾಪಗಳಿಗೆ ಕ್ಷಮೆ ಬೇಡುವ ದಿನದಂದೇ ಅದನ್ನು ಓದಬೇಕೆಂದು ತಾಲ್ಮೂದಿನಲ್ಲಿ ವಿಧಿಸಿದರು. ಕ್ಷಮೆ ಬೇಡಲು ಬಂದವನು ಶತ್ರುವಿಗೆ ದೊರೆತ ಕ್ಷಮೆಯ ಕಥೆಯನ್ನು ಮೊದಲು ಕೇಳಿಸಿಕೊಳ್ಳಬೇಕು.

3

ಈ ಪರಂಪರೆಯ ಒಂದು ಶಾಖೆ ಕೊಂಕಣದ ಕರಾವಳಿಯಲ್ಲಿ ಬೇರುಬಿಟ್ಟಿತು. ಬೆನೆ ಇಸ್ರಾಯೇಲರೆಂಬ ಆ ಸಮುದಾಯದ ಮೂಲಕಥೆಯೂ ಸಮುದ್ರದ ಕಥೆಯೇ. ಅಲಿಬಾಗಿನ ಬಳಿಯ ನವಗಾಂವದ ಹತ್ತಿರ ಹಡಗೊಡೆದು ಏಳು ಮಂದಿ ಗಂಡಸರೂ ಏಳು ಮಂದಿ ಹೆಂಗಸರೂ ಮಾತ್ರ ಬದುಕಿ ದಡ ಸೇರಿದರೆಂದು ಅವರ ನಂಬಿಕೆ. ಗ್ರಂಥಗಳು ನೀರುಪಾಲಾದವು, ಶನಿವಾರದ ವಿಶ್ರಾಂತಿ, ಸುನ್ನತಿ, ಆಹಾರನಿಯಮ, ಕೆಲವು ಉಪವಾಸಗಳು ಉಳಿದವು. ಎಣ್ಣೆಗಾಣದ ಕಸುಬನ್ನು ಹಿಡಿದು ಶನಿವಾರ ಗಾಣ ಕಟ್ಟದಿದ್ದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎಂದರು. ಮರಾಠಿ ಅವರ ಮಾತಾಯಿತು. ನೆಲಸಿದ ಹಳ್ಳಿಗಳ ಹೆಸರಿಗೆ ‘ಕರ್’ ಸೇರಿಸಿಕೊಂಡು ದಿವೇಕರ್, ಕೇಹಿಮ್‌ಕರ್, ಪೇಣ್‌ಕರ್ ಎಂಬ ಅಡ್ಡಹೆಸರುಗಳಾದವು.

ಪ್ರಾಯಶ್ಚಿತ್ತದ ದಿನಕ್ಕೆ ಅವರು ಇಟ್ಟ ಮರಾಠಿ ಹೆಸರು ‘ದರ್ಫಾಲ್ನಿಚಾ ಸಣ’, ಬಾಗಿಲು ಮುಚ್ಚುವ ಹಬ್ಬ. ಅಂದು ಬಿಳಿಯ ಉಡುಪುಟ್ಟು, ಉಪವಾಸವಿದ್ದು, ಹೊರಗಿನವರ ಸಂಪರ್ಕವಿಲ್ಲದೆ ಮನೆಯೊಳಗೇ ಇರುತ್ತಿದ್ದರು. ಮರುದಿನ ಬಾಗಿಲು ತೆರೆದು ಬಡವರಿಗೆ ದಾನಮಾಡುತ್ತಿದ್ದರು. ಈ ವಿವರಗಳನ್ನು ಬರೆದಿಟ್ಟವರು ಹಯೀಮ್ ಸ್ಯಾಮ್ಯುಯಲ್ ಕೇಹಿಮ್‌ಕರ್. 1897ರಲ್ಲಿ ಅವರು ಮುಗಿಸಿದ ಸಮುದಾಯದ ಇತಿಹಾಸ 1937ರಲ್ಲಿ ಟೆಲ್ ಅವೀವ್‌ನಲ್ಲಿ ಅಚ್ಚಾಯಿತು. ಬೆನೆ ಇಸ್ರಾಯೇಲರ ಹರಕೆಗಳಲ್ಲಿ ಅಗ್ರಸ್ಥಾನ ಏಲೀಯ ಪ್ರವಾದಿಗೆ ಸಲ್ಲುತ್ತದೆ, ಯೋನನಿಗಲ್ಲ. ಯೋನನ ಪಾರಾಯಣ ಅವರಲ್ಲಿ ನೆಲೆಗೊಂಡುದು ಮಂದಿರಗಳು ಹುಟ್ಟಿ, ಕೊಚ್ಚಿಯ ಯೆಹೂದ್ಯ ಗುರುಗಳ ನೆರವಿನಿಂದ ಹೀಬ್ರೂ ವಿಧಿಗಳು ಹಬ್ಬಿದ ಮೇಲೆ. ಆ ಮಂದಿರಗಳಲ್ಲಿ ಮೊದಲನೆಯದು ಮಾಂಡವಿಯ ಕರುಣೆಯ ಬಾಗಿಲು. ಪನವೇಲಿನ ಬೆತ್ ಎಲ್ 1849ರದು. ಠಾಣೆಯ ಶಾರ್ ಹಾಶಮಾಯಿಮ್, ಎಂದರೆ ಸ್ವರ್ಗದ ಬಾಗಿಲು, 1879ರದು. ಕೋಪರಖೈರಣೆ ಈ ಎರಡು ಊರುಗಳ ನಡುವಣ ದಾರಿಯಲ್ಲಿದೆ.

4

ಮೊದಲ ಬಾಗಿಲು ತೆರೆದ ಬಗೆಯನ್ನು ತಿಳಿಯಲು ಮಲೆನಾಡಿಗೆ ಹೋಗಬೇಕು. ಎರಡನೆಯ ಮೈಸೂರು ಯುದ್ಧದ (1780–84) ನಡುವೆ, 1782ರ ಡಿಸೆಂಬರಿನಲ್ಲಿ, ಹೈದರಾಲಿ ತೀರಿಕೊಂಡನು. ಮುಂಬಯಿಯ ಕಂಪನಿ ಸರ್ಕಾರ ಜನರಲ್ ರಿಚರ್ಡ್ ಮ್ಯಾಥ್ಯೂಸನ ಕೈಕೆಳಗೆ ಒಂದು ಸೇನೆಯನ್ನು ಕರಾವಳಿಗೆ ಕಳುಹಿತು. 1783ರ ಆದಿಯಲ್ಲಿ ಅದು ಘಟ್ಟವನ್ನೇರಿ ಬಿದನೂರನ್ನು, ಎಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರವನ್ನು, ವಶಪಡಿಸಿಕೊಂಡಿತು. ಆ ದಂಡಯಾತ್ರೆಯಲ್ಲಿ ಕಂಪನಿಯ ಸೈನಿಕರು ಅನಂತಪುರದಲ್ಲಿ, ಎಂದರೆ ಈಗಿನ ಆನಂದಪುರದಲ್ಲಿ, ನಡೆಸಿದರೆನ್ನಲಾದ ಹತ್ಯೆಗಳು ಇಂಗ್ಲೆಂಡಿನಲ್ಲಿಯೂ ವಿವಾದಕ್ಕೆ ಕಾರಣವಾದವು. ಟಿಪ್ಪು ಸುಲ್ತಾನನು ಏಪ್ರಿಲ್ ತಿಂಗಳಿನಲ್ಲಿ ಕೋಟೆಯನ್ನು ಮುತ್ತಿ ಮರಳಿ ಪಡೆದನು. ಮ್ಯಾಥ್ಯೂಸನೂ ಅವನ ಸೇನೆಯೂ ಸೆರೆಯಾದರು. ಮ್ಯಾಥ್ಯೂಸನು ಸೆರೆಯಲ್ಲಿಯೇ ಸತ್ತನು.

ಕಂಪನಿಯ ಮುಂಬಯಿ ಸೈನ್ಯದಲ್ಲಿ ಬೆನೆ ಇಸ್ರಾಯೇಲರು ಅನೇಕರಿದ್ದರು. ದೇಶೀಯರಿಗೆ ದೊರೆಯಬಹುದಾದ ಅಧಿಕಾರಿ ಪದವಿಗಳಿಗೂ ಏರಿದ್ದರು. ಸ್ಯಾಮ್ಯುಯಲ್ ಇಜೆಕಿಯಲ್ ದಿವೇಕರ್ ಅಂಥವರಲ್ಲಿ ಒಬ್ಬನು. ನೆರೆಹೊರೆಯ ಮರಾಠಿ ರೂಢಿಯಲ್ಲಿ ಅವನ ಹೆಸರು ಸಾಮಾಜಿ ಹಸಾಜಿ. ಈ ಯುದ್ಧದಲ್ಲಿ ಅವನು ಮೈಸೂರಿನವರ ಕೈಗೆ ಸಿಕ್ಕಿದನು. ಸಮುದಾಯದ ಪರಂಪರೆ ಹೇಳುವ ಕಥೆ ಹೀಗಿದೆ: ಸೆರೆಯಾಳುಗಳನ್ನು ಸುಲ್ತಾನನ ಮುಂದೆ ನಿಲ್ಲಿಸಿದಾಗ ಅವರ ಜಾತಿಮತಗಳನ್ನು ವಿಚಾರಿಸಲಾಯಿತು. ದಿವೇಕರನು ತಾನು ಬನಿ ಇಸ್ರಾಯಿಲನೆಂದನು. ಸುಲ್ತಾನನ ತಾಯಿ ಆ ಹೆಸರನ್ನು ಕೇಳಿ, ಕುರಾನಿನಲ್ಲಿ ಹೇಳಲ್ಪಟ್ಟ ಆ ಜನರಲ್ಲಿ ಒಬ್ಬನನ್ನೂ ತಾನು ಇದುವರೆಗೆ ಕಂಡಿರಲಿಲ್ಲವೆಂದು ಮಗನ ಬಳಿ ಅವನ ಪ್ರಾಣವನ್ನು ಬೇಡಿದಳು. ಬದುಕಿ ಊರು ಸೇರಿದರೆ ದೇವರಿಗೆ ಮಂದಿರ ಕಟ್ಟಿಸುವೆನೆಂದು ಅವನು ಹರಕೆ ಹೊತ್ತನು.

ಈ ಕಥನ ಆ ಸಮುದಾಯದ ನೆನಪಿನಲ್ಲಿ ಉಳಿದುಬಂದುದು. ಯುದ್ಧವನ್ನು ಮುಗಿಸಿದ 1784ರ ಮಾರ್ಚ್ ತಿಂಗಳಿನ ಮಂಗಳೂರು ಒಪ್ಪಂದದಲ್ಲಿ ಸೆರೆಯಾಳುಗಳ ಬಿಡುಗಡೆಯ ಷರತ್ತೂ ಇದ್ದಿತೆಂಬುದನ್ನು ಚರಿತ್ರಕಾರನು ಮರೆಯಬಾರದು. ಆದರೂ ಬಿಡುಗಡೆಯನ್ನು ಒಪ್ಪಂದದ ಫಲವೆಂದಲ್ಲದೆ ಪ್ರಾಣದಾನವೆಂದು ಒಂದು ಜನಾಂಗ ನೆನೆದುದು, ಆ ನೆನಪಿಗೆ ಕಲ್ಲುಗಾರೆಯ ರೂಪ ಕೊಟ್ಟುದು ಸ್ವತಃ ಒಂದು ಚಾರಿತ್ರಿಕ ಸಂಗತಿಯೇ. 1796ರಲ್ಲಿ ಮಂದಿರ ನಿಂತಿತು. ಅದಕ್ಕೆ ಬೇಕಾದ ಧರ್ಮಶಾಸ್ತ್ರದ ಸುರುಳಿಯನ್ನು ತರಲೆಂದು ಹೋದ ದಿವೇಕರನು ಮರುವರ್ಷ ಕೊಚ್ಚಿಯಲ್ಲಿ ತೀರಿಕೊಂಡನೆಂದು ಪ್ರತೀತಿ.

ಪರಂಪರೆಯ ಕಥೆ ಕುರಾನನ್ನು ನಡುವೆ ತಂದಿರುವುದು ಅರ್ಥಪೂರ್ಣವಾಗಿದೆ. ಆ ಗ್ರಂಥದ ಹದಿನೇಳನೆಯ ಅಧ್ಯಾಯಕ್ಕೆ ‘ಬನೀ ಇಸ್ರಾಯಿಲ್’ ಎಂಬ ಹೆಸರೂ ಉಂಟು. ಹತ್ತನೆಯ ಅಧ್ಯಾಯದ ಹೆಸರು ‘ಯೂನುಸ್’. ಯೂನುಸನೆಂದರೆ ಯೋನನೇ. ಕಡೆಯ ಗಳಿಗೆಯಲ್ಲಿ ನಂಬಿ ಶಿಕ್ಷೆಯಿಂದ ಪಾರಾದ ಊರಿಗೆ ನಿದರ್ಶನವಾಗಿ ಯೂನುಸನ ಜನರೊಬ್ಬರನ್ನೇ ಆ ಅಧ್ಯಾಯ ಹೆಸರಿಸುತ್ತದೆ. ಹೀಬ್ರೂವಿನ ‘ರಹಮೀಮ್’ ಎಂಬ ಶಬ್ದವೂ ಅರಬ್ಬಿಯ ‘ರಹಮಾನ್’, ‘ರಹೀಮ್’ ಎಂಬ ದೇವನಾಮಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಎರಡು ಭಾಷೆಗಳಲ್ಲಿಯೂ ತಾಯಿಯ ಗರ್ಭವನ್ನು ಸೂಚಿಸುವ ಶಬ್ದ ಇವುಗಳಿಗೆ ಒಡಹುಟ್ಟು. ಶ್ರೀರಂಗಪಟ್ಟಣದ ಅರಮನೆಯಲ್ಲಿ ನಿತ್ಯ ಉಚ್ಚರಿಸಲ್ಪಡುತ್ತಿದ್ದ ನಾಮವೂ ಮಾಂಡವಿಯ ಬಾಗಿಲಿನ ಮೇಲಿನ ಹೆಸರೂ ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಬಂಧುಗಳು. ಕಥೆಯಲ್ಲಿ ಪ್ರಾಣವನ್ನು ಬೇಡಿದವಳು ಒಬ್ಬ ತಾಯಿ.

5

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಸುಂದರವಾದ ಪುಣ್ಯಕಥೆಯಾದೀತು. ಆದರೆ ಒಪ್ಪಂದವಾದ ಆ 1784ನೆಯ ವರ್ಷದಲ್ಲಿಯೇ ಕನ್ನಡ ಕರಾವಳಿಯ ಕೊಂಕಣಿ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ, ಕುಟುಂಬಸಮೇತ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಯಿಸಲಾಯಿತು. ಹಾಗೆ ಹೋದವರ ಸಂಖ್ಯೆಯ ವಿಷಯದಲ್ಲಿ ಲೆಕ್ಕಗಳು ಬಹಳವಾಗಿ ಭಿನ್ನವಾಗಿವೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹುಮಂದಿ ಎಂಬುದರಲ್ಲಿ ಭೇದವಿಲ್ಲ. ಉಳಿದವರು ಊರಿಗೆ ಮರಳಿದುದು 1799ರ ಮೇ ತಿಂಗಳಿನಲ್ಲಿ ಸುಲ್ತಾನನು ಯುದ್ಧದಲ್ಲಿ ಮಡಿದ ಮೇಲೆ. ಮಾಂಡವಿಯಲ್ಲಿ ಕರುಣೆಯ ಬಾಗಿಲು ತೆರೆದ ವರ್ಷದಲ್ಲಿ ಈ ಜನರು ಇನ್ನೂ ಸೆರೆಯಲ್ಲಿದ್ದರು.

ಅವರೂ ಯೋನನ ಕಥೆಯನ್ನು ಬಲ್ಲವರೇ. ಅವರನ್ನು ಸೆರೆಹಿಡಿದವನ ಧರ್ಮಗ್ರಂಥದಲ್ಲಿಯೂ ಆ ಕಥೆಯಿದ್ದಿತು. ಕತ್ತಿಯನ್ನು ಹಿಡಿದು ಯುದ್ಧಕ್ಕೆ ಬಂದ ಸೈನಿಕನಿಗೆ ದೊರೆತುದೆಂದು ಹೇಳಲಾದ ದಯೆ, ಮನೆಯಲ್ಲಿದ್ದ ಹೆಂಗಸರು ಮಕ್ಕಳಿಗೆ ದೊರೆಯಲಿಲ್ಲ. ಆನಂದಪುರದ ಜನರಿಗೆ ಕಂಪನಿಯ ಸೈನಿಕರು ಮಾಡಿದರೆನ್ನಲಾದುದೂ ಇದೇ ತೂಕದ್ದು. ಈ ಒಂದು ಯುದ್ಧದ ಚರಿತ್ರೆಯಲ್ಲಿ ಯಾವ ಪಕ್ಷವನ್ನು ನೋಡಿದರೂ ಕರುಣೆ ಎಂಬುದು ತನಗೆ ಬೇಕಾದವರಿಗೆ ಮಾತ್ರ ಹಂಚುವ ವಸ್ತುವಾಗಿ ಕಾಣುತ್ತದೆ. ಆ ಕಥೆಯಲ್ಲಿ ಯೋನನು ದೇವರಿಂದ ಕೋರಿದುದೂ ಅಷ್ಟನ್ನೇ.

ಕರುಣೆಯನ್ನು ಪಡೆದ ಸಮುದಾಯಕ್ಕೂ ಈ ಒಲ್ಲದಿಕೆಯ ಕಹಿ ತಪ್ಪಲಿಲ್ಲ. ಅದು ಬಂದುದು ಪರರಿಂದಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ಸುಮಾರು 20,000 ಬೆನೆ ಇಸ್ರಾಯೇಲರಿದ್ದರು. 1948ರಲ್ಲಿ ಇಸ್ರಾಯೇಲ್ ರಾಷ್ಟ್ರ ಹುಟ್ಟಿದ ಮೇಲೆ ಅವರಲ್ಲಿ ಬಹುಪಾಲು ಜನರು ಅಲ್ಲಿಗೆ ವಲಸೆ ಹೋದರು. ಅಲ್ಲಿನ ಮುಖ್ಯ ಧರ್ಮಪೀಠ 1960ರ ದಶಕದ ಆದಿಯಲ್ಲಿ, ಅವರ ವಿವಾಹಗಳನ್ನು ನೆರವೇರಿಸುವ ಮುನ್ನ ಹಲವು ತಲೆಮಾರುಗಳ ವಂಶವನ್ನು ಶೋಧಿಸಬೇಕೆಂದು ನಿರ್ದೇಶಿಸಿತು. ಇವರು ನಿಜವಾದ ಯೆಹೂದ್ಯರೋ ಅಲ್ಲವೋ ಎಂಬ ಶಂಕೆ ಅದಕ್ಕೆ ಕಾರಣ. ಶತಮಾನಗಳ ಕಾಲ ಅನ್ಯರ ನಡುವೆ ಶನಿವಾರವನ್ನು ಉಳಿಸಿಕೊಂಡವರು ಸ್ವಜನರ ನಡುವೆ ಪ್ರಮಾಣಪತ್ರ ತೋರಿಸಬೇಕಾಯಿತು. 1964ರಲ್ಲಿ ಅವರು ಜೆರುಸಲೇಮಿನಲ್ಲಿ ಪ್ರತಿಭಟನೆಗೆ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಅಲ್ಲಿನ ಶಾಸನಸಭೆ ಅವರು ಎಲ್ಲ ವಿಧದಲ್ಲಿಯೂ ಯೆಹೂದ್ಯರೆಂದು ಘೋಷಿಸಿತು. ಧರ್ಮಪೀಠವೂ ನಿರ್ದೇಶದಲ್ಲಿ ಅವರನ್ನು ಹೆಸರಿಸಿದ್ದ ಮಾತನ್ನು ಹಿಂತೆಗೆದುಕೊಂಡಿತು. ಆ ಧರ್ಮಪೀಠದವರೂ ಪ್ರತಿವರ್ಷ ಪ್ರಾಯಶ್ಚಿತ್ತದ ದಿನ ಯೋನನ ಗ್ರಂಥವನ್ನು ಓದುವವರೇ ಆಗಿದ್ದರು.

6

ಇದರಿಂದ ತಿಳಿದುಬರುವುದೇನು? ದೈವಕರುಣೆಯ ಕಥೆಯನ್ನು ಬಲ್ಲವರೆಲ್ಲರೂ ಕರುಣಾಳುಗಳಾಗುವುದಿಲ್ಲವೆಂಬುದು ಒಂದು. ಅದು ಹೊಸ ಮಾತೇನೂ ಅಲ್ಲ. ಗ್ರಂಥಕರ್ತನು ಅದನ್ನು ಚೆನ್ನಾಗಿ ಅರಿತವನು. ಆದುದರಿಂದಲೇ ಅವನ ಕಥೆಯಲ್ಲಿ ದೇವರ ಗುಣಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಪ್ರವಾದಿಗೆ ಎಲ್ಲರಿಗಿಂತ ಕಡಮೆ ದಯೆಯಿದೆ. ಏನೂ ಅರಿಯದ ನಾವಿಕರೂ ನಿನೆವೆಯ ಅರಸನೂ ಬೇಗ ಕರಗುತ್ತಾರೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ದೇವರು ಯೋನನನ್ನು ಈ ಒಲ್ಲದಿಕೆಗಾಗಿ ಶಿಕ್ಷಿಸುವುದಿಲ್ಲ. ಓಡಿದವನನ್ನು ಹಿಂಬಾಲಿಸುತ್ತಾನೆ, ಮುಳುಗಿದವನನ್ನು ಎತ್ತಿಸುತ್ತಾನೆ, ಮುನಿಸಿಕೊಂಡು ಕುಳಿತವನಿಗೆ ನೆರಳು ಕೊಡುತ್ತಾನೆ, ಕಡೆಗೆ ಪ್ರಶ್ನೆಯೊಂದನ್ನು ಕೇಳಿ ಸುಮ್ಮನಾಗುತ್ತಾನೆ. ನಿನೆವೆಗೆ ದೊರೆತ ತಾಳ್ಮೆಯೇ ಪ್ರವಾದಿಗೂ ದೊರೆಯುತ್ತದೆ. ಕರುಣೆಗೆ ಅಡ್ಡನಿಂತವನೂ ಕರುಣೆಯ ಹೊರಗಲ್ಲ.

ನಿನೆವೆಯ ಅವಶೇಷಗಳಿರುವುದು ಇರಾಕಿನ ಮೋಸುಲ್ ನಗರದಲ್ಲಿ. ಅಲ್ಲಿನ ದಿಬ್ಬದ ಮೇಲೆ ಯೂನುಸನ ಸಮಾಧಿಯೆಂದು ಬಹುಕಾಲದಿಂದ ಪೂಜ್ಯವಾಗಿದ್ದ ಮಸೀದಿಯನ್ನು 2014ರ ಜುಲೈ ತಿಂಗಳಿನಲ್ಲಿ ಐಸಿಸ್ ಉಗ್ರರು ಸಿಡಿಸಿ ಕೆಡವಿದರು. ಪ್ರವಾದಿ ಬೇಡವೆಂದ ಊರೇ ಅವನ ಸಮಾಧಿಗೆ ಶತಮಾನಗಳ ಕಾಲ ದೀಪ ಹಚ್ಚಿತ್ತು; ಅದನ್ನು ಕೆಡವಿದವರು ಯೂನುಸನನ್ನು ಪ್ರವಾದಿಯೆಂದು ಹೇಳುವ ಗ್ರಂಥದ ಹೆಸರಿನಲ್ಲಿಯೇ ಕೆಡವಿದರು.

ಮಾಂಡವಿಯ ಮಂದಿರಕ್ಕೆ ಇಂದು ಬರುವವರು ಕೆಲವರೇ. ಸಮುದಾಯದ ಬಹುಭಾಗ ಮುಂಬಯಿಯನ್ನು ಬಿಟ್ಟಿದೆ. ಭಾರತದಲ್ಲಿ ಉಳಿದವರಲ್ಲಿ ಅನೇಕರು ಠಾಣೆಯಲ್ಲಿ ನೆಲಸಿದ್ದಾರೆ. ನಿಲ್ದಾಣದ ಹೆಸರು ಮಾತ್ರ ದಿನವೂ ಲಕ್ಷಾಂತರ ಬಾಯಿಗಳಲ್ಲಿ ಆಡುತ್ತಿದೆ. ಹೊಸನಗರದಿಂದ, ಸಾಗರದಿಂದ, ಮಂಗಳೂರಿನಿಂದ ಬಂದು ಈ ಮಹಾನಗರದಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರ ಪೂರ್ವಿಕರಲ್ಲಿ, 1783–84ರಲ್ಲಿ ಸೂರೆಗೆ ಸಿಕ್ಕವರೂ, ಸೆರೆಗೆ ಹೋದವರೂ, ಸೆರೆಯಾಳುಗಳನ್ನು ಕಾದವರೂ ಇದ್ದಿರಬಹುದು. ಪರನಗರವೊಂದರಲ್ಲಿ ಆಸರೆ ಪಡೆದವರಿಗೆ, ತಮ್ಮ ಬಳಿಕ ಅಲ್ಲಿಗೆ ಬಂದವರನ್ನು ಕಂಡಾಗ ಏಳುವ ಮನಸ್ಸಿನ ಮುನಿಸು ಅಪರಿಚಿತವಾದುದೇನಲ್ಲ. ಎಡಬಲವರಿಯದ ಆ ಜನರ ಲೆಕ್ಕದಲ್ಲಿ ಯಾರು ಯಾರು ಸೇರುತ್ತಾರೆಂಬುದನ್ನು ಗ್ರಂಥ ಹೇಳಿಲ್ಲ. ದನಗಳನ್ನು ಕೂಡ ಅದು ಬಿಟ್ಟಿಲ್ಲ.